ಪ್ರಾಜೆಕ್ಟ್‌ನಲ್ಲಿ ಕಾಪಿ ಸಿಕ್ಕರೆ ಶಾಲೆ ಏನು ಮಾಡಬೇಕು?

ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟ್ ಪುಸ್ತಕಗಳ ಕಟ್ಟು ಬಿಚ್ಚಿದರೆ ಎಷ್ಟೋ ಶಾಲೆಗಳಲ್ಲಿ ಕಾಣುವುದು ಒಂದೇ. ಹೊಳೆಯುವ ರಟ್ಟು, ಸ್ಕೆಚ್ ಪೆನ್ನಿನ ಅಂಚು, ಸ್ಟೇಷನರಿ ಅಂಗಡಿಯ ಚಾರ್ಟಿನಿಂದ ಕತ್ತರಿಸಿ ಅಂಟಿಸಿದ ಚಿತ್ರ. ಒಳಗೆ ಏಳೆಂಟು ಪುಸ್ತಕಗಳಲ್ಲಿ ಅದೇ ಪ್ಯಾರಾ. ವಿಕಿಪೀಡಿಯದಲ್ಲಿ ವಾಕ್ಯದ ಕೊನೆಗೆ ಚೌಕ ಆವರಣದಲ್ಲಿ ಸಣ್ಣ ಅಂಕಿ ಇರುತ್ತದಲ್ಲ, ಅದು ಕೂಡ ಹುಡುಗರ ಕೈಬರಹದಲ್ಲಿ ಹಾಗೇ ಇಳಿದಿರುತ್ತದೆ. ಈಚೆಗೆ ಚಾಟ್‌ಜಿಪಿಟಿ ಬಂದ ಮೇಲೆ "ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ" ಅನ್ನುವ ಸಾಲಿನಿಂದಲೇ ಶುರುವಾಗುವ ಪ್ರಬಂಧಗಳೂ ಬರುತ್ತಿವೆ.

ಆಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಟೈಮಿಲ್ಲ ಅಂತ ಕೆಂಪು ಇಂಕಿನಲ್ಲಿ ಸಹಿ ಹಾಕಿ ಅಂಕ ಕೊಟ್ಟುಬಿಡುತ್ತಾರೆ. ಇಲ್ಲವೇ ಕ್ಲಾಸಿನ ಮುಂದೆ ನಿಲ್ಲಿಸಿ ಬೈದು, ಪುಸ್ತಕ ಎಸೆದು, ಅಪ್ಪನನ್ನು ಕರ್ಕೊಂಡು ಬಾ ಅನ್ನುತ್ತಾರೆ. ಎರಡರಲ್ಲೂ ಮಗು ಆ ವಿಷಯ ಕಲಿಯುವುದಿಲ್ಲ. ಬರೆಯುವುದನ್ನೂ ಕಲಿಯುವುದಿಲ್ಲ.

ನನ್ನ ಪ್ರಕಾರ ಕಾಪಿ ಸಿಕ್ಕಾಗ ಶಾಲೆಯ ಮೊದಲ ಕೆಲಸ ಒಂದೇ. ಮಗು ಮಾಡದೆ ಬಿಟ್ಟ ಕೆಲಸವನ್ನು ಅದೇ ಮಗುವಿನ ಕೈಯಲ್ಲಿ ಮಾಡಿಸುವುದು. ಅಂಕ ಕಳೆಯುವುದು, ಪತ್ರ ಬರೆಯುವುದು, ಕಮಿಟಿ ಕೂರಿಸುವುದು ಎಲ್ಲ ಆಮೇಲೆ. ಇದನ್ನು ಹಂತಹಂತವಾಗಿ ಹೇಗೆ ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ಹೈಸ್ಕೂಲಿಗೆ ಮತ್ತು ಪಿಯು ಕಾಲೇಜಿಗೆ, ಕೊನೆಯ ಕಡೆ ಸ್ವಲ್ಪ ಡಿಗ್ರಿ, ಎಂಜಿನಿಯರಿಂಗ್‌ನವರಿಗೆ. ಪರೀಕ್ಷಾ ಹಾಲ್‌ನಲ್ಲಿ ಚೀಟಿ ಸಿಗುವುದು ಬೇರೆ ವಿಷಯ, ಅದಕ್ಕೆ ಪರೀಕ್ಷಾ ಮಂಡಳಿಯ ನಿಯಮಗಳಿವೆ. ಇಲ್ಲಿ ಹೇಳುತ್ತಿರುವುದು ಪ್ರಾಜೆಕ್ಟ್, ಅಸೈನ್‌ಮೆಂಟ್, ಪ್ರಬಂಧ, ರೆಕಾರ್ಡ್ ಪುಸ್ತಕದ ಬಗ್ಗೆ.

1. ಯಾವುದು ಕಾಪಿ ಅಂತ ಮೊದಲು ಶಿಕ್ಷಕರೇ ಕೂತು ಮಾತಾಡಿ

ಇದನ್ನು ಜೂನ್‌ನಲ್ಲೇ, ಮೊದಲ ರೂಪಣಾತ್ಮಕ ಮೌಲ್ಯಮಾಪನಕ್ಕೆ (ಪಾಠಗಳ ನಡುವೆ ನಡೆಸುವ ಮೌಲ್ಯಮಾಪನ, ಎಫ್‌ಎ) ಮುಂಚೆ ಮಾಡಿ. ಒಂದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು "ಗೂಗಲ್‌ನಲ್ಲಿ ನೋಡಿ ಬರ್ಕೊಂಡು ಬನ್ನಿ" ಅನ್ನುತ್ತಾರೆ, ಕನ್ನಡದ ಮೇಡಂ "ಒಂದು ಸಾಲೂ ಕಾಪಿ ಇರಬಾರದು" ಅನ್ನುತ್ತಾರೆ. ಮಗು ಯಾರ ಮಾತು ಕೇಳಬೇಕು?

ಇನ್ನೊಂದನ್ನೂ ನೇರವಾಗಿ ಒಪ್ಪಿಕೊಳ್ಳಬೇಕು. ನಮ್ಮ ಮಕ್ಕಳು ಒಂದನೇ ಕ್ಲಾಸಿನಿಂದ ಬೋರ್ಡ್ ನೋಡಿ ಬರೆಯುವುದನ್ನೇ ಕಲಿತಿದ್ದಾರೆ. ಪ್ರಶ್ನೆಗೆ ಉತ್ತರವನ್ನು ಟೀಚರ್ ಹೇಳಿ ಬರೆಸುತ್ತಾರೆ, ಮಕ್ಕಳು ಅದನ್ನು ಬಾಯಿಪಾಠ ಮಾಡಿ ಹಾಗೇ ಬರೆದರೆ ಪೂರ್ತಿ ಅಂಕ, ಒಂದು ಪದ ಬದಲಾದರೆ ಅರ್ಧ ಅಂಕ ಕಟ್. ಎಂಟು ವರ್ಷ ಹೀಗೆ ನಡೆಸಿಕೊಂಡು ಬಂದು ಒಂಬತ್ತರಲ್ಲಿ ಒಮ್ಮೆಲೇ "ಸ್ವಂತ ವಾಕ್ಯದಲ್ಲಿ ಬರಿ" ಅಂದರೆ ಹುಡುಗರಿಗೆ ಅದು ಏನು ಅಂತಲೇ ಗೊತ್ತಾಗುವುದಿಲ್ಲ. ಎಷ್ಟೋ ಮಕ್ಕಳು ಗೈಡ್ ನೋಡಿ ಬರೆದದ್ದನ್ನು ಮುಚ್ಚಿಡುವುದೂ ಇಲ್ಲ, ಅದು ತಪ್ಪು ಅಂತ ಅವರಿಗೆ ಅನಿಸಿರುವುದೇ ಇಲ್ಲ.

ಹಾಗಾಗಿ ಎಲ್ಲ ವಿಷಯದ ಶಿಕ್ಷಕರೂ ಸೇರಿ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಪುಸ್ತಕ, ಗೈಡ್, ವೆಬ್‌ಸೈಟಿನಿಂದ ಎತ್ತಿ ಎಲ್ಲಿಂದ ಅಂತ ಹೇಳದಿರುವುದು ಕಾಪಿ. ಗೆಳೆಯನ ಪುಸ್ತಕ ನೋಡಿ ಬರೆಯುವುದು ಕಾಪಿ. ಇಂಗ್ಲಿಷ್ ಪುಟವನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಕನ್ನಡದಲ್ಲಿ ಇಳಿಸಿಕೊಳ್ಳುವುದೂ ಕಾಪಿಯೇ. ಅಕ್ಕ, ಮಾವ, ಟ್ಯೂಷನ್ ಸರ್ ಅಥವಾ ಸೈಬರ್ ಸೆಂಟರಿನವರು ಬರೆದುಕೊಟ್ಟದ್ದು, ಚಾಟ್‌ಜಿಪಿಟಿಯಂಥ ಎಐ ಬರೆದುಕೊಟ್ಟದ್ದು ಕೂಡ. ಆದರೆ ಇಬ್ಬರು ಕೂತು ಚರ್ಚೆ ಮಾಡಿ, ಆಮೇಲೆ ಅವರವರು ಬೇರೆ ಬೇರೆ ಬರೆದರೆ ಅದು ಕಾಪಿ ಅಲ್ಲ. ವ್ಯಾಖ್ಯೆ, ಸೂತ್ರ, ಗಾದೆ, ಎಲ್ಲರಿಗೂ ಗೊತ್ತಿರುವ ಸಂಗತಿ ಒಂದೇ ತರ ಇದ್ದರೆ ಅದೂ ಅಲ್ಲ. ನ್ಯೂಟನ್ನನ ನಿಯಮವನ್ನು ನಲವತ್ತು ಮಕ್ಕಳು ನಲವತ್ತು ರೀತಿ ಬರೆಯಲಿ ಅಂತ ಯಾರೂ ಬಯಸುವುದಿಲ್ಲ ಅಲ್ವಾ.

ಈ ಪುಟವನ್ನು ಮಕ್ಕಳ ಮುಂದೆ ಓದಿ. ನೋಟೀಸ್ ಬೋರ್ಡಿಗೆ ಅಂಟಿಸಿ ಸುಮ್ನೆ ಬಿಟ್ಟರೆ ಪ್ರಯೋಜನ ಇಲ್ಲ.

2. ಕಾಪಿ ಹೊಡೆಯೋಕೆ ಆಗದಂಥ ಕೆಲಸ ಕೊಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹಂತ ಇದು. "ಪರಿಸರ ಮಾಲಿನ್ಯ", "ನೀರಿನ ಸಂರಕ್ಷಣೆ", "ರಾಷ್ಟ್ರೀಯ ಹಬ್ಬಗಳು", "ಗ್ರಂಥಾಲಯದ ಮಹತ್ವ" ಅಂತ ವಿಷಯ ಕೊಟ್ಟರೆ ಕಾಪಿಯೇ ಬರುತ್ತದೆ. ಇವುಗಳ ಮೇಲಿನ ಪ್ರಬಂಧ ಪ್ರತಿ ಗೈಡ್‌ನಲ್ಲೂ ಸಿದ್ಧವಾಗಿದೆ, ಮತ್ತು ಹದಿನಾಲ್ಕು ವರ್ಷದ ಮಗುವಿಗೆ ಪರಿಸರ ಮಾಲಿನ್ಯದ ಬಗ್ಗೆ ಅದಕ್ಕಿಂತ ಬೇರೆಯಾಗಿ ಹೇಳಲು ಏನಿರುತ್ತದೆ?

ಅದೇ ಪಾಠವನ್ನು ಊರಿಗೆ, ಮನೆಗೆ ಇಳಿಸಿ ನೋಡಿ. ನೀರಿನ ಸಂರಕ್ಷಣೆ ಬದಲು: ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಎಷ್ಟು ಹೊತ್ತು ಬಿಡುತ್ತಾರೆ, ಮನೆಯಲ್ಲಿ ಎಷ್ಟು ಕೊಡ ತುಂಬಿಡುತ್ತೀರಿ, ಒಂದು ವಾರ ಬರೆದಿಡಿ. ಆ ವಾರದ ಪಟ್ಟಿಯಿಂದ ಏನು ಗೊತ್ತಾಯಿತು ಅಂತ ಒಂದು ಪುಟ ಬರೆಯಿರಿ. ವಿದ್ಯುತ್ ಪಾಠಕ್ಕೆ ಮನೆಯ ಮೂರು ತಿಂಗಳ ಕರೆಂಟ್ ಬಿಲ್ ತರಿಸಿ, ಯುನಿಟ್ ಯಾಕೆ ಏರಿತು, ಯಾಕೆ ಇಳಿಯಿತು ಅಂತ ಮನೆಯವರನ್ನು ಕೇಳಿಕೊಂಡು ಬರೆಯಲಿ. ಇತಿಹಾಸಕ್ಕೆ ಊರಿನ ವೀರಗಲ್ಲು ಅಥವಾ ಮಾಸ್ತಿಕಲ್ಲು ಸಾಕು. ಅದರ ಚಿತ್ರ ತಾವೇ ಬರೆಯಲಿ, ಎಷ್ಟು ಪಟ್ಟಿಕೆ ಇದೆ, ಕೆಳಗಿನದರಲ್ಲಿ ಯುದ್ಧ ಹೇಗಿದೆ, ಮೇಲಿನದರಲ್ಲಿ ಏನಿದೆ, ಊರಿನ ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಅಂತ ನೋಡಿ, ಕೇಳಿ ಬರಲಿ. ಗಣಿತಕ್ಕೆ ಸಂತೆಯ ರೇಟು. ಕನ್ನಡಕ್ಕೆ ಅಜ್ಜಿ ಬಳಸುವ, ಆದರೆ ತಮಗೆ ಗೊತ್ತಿರದ ಹತ್ತು ಪದ. ಸಮಾಜಕ್ಕೆ ಪಂಚಾಯಿತಿ ಆಫೀಸಿನ ಗೋಡೆಯ ಮೇಲೆ ಏನೇನು ಬರೆದಿದೆ ಅನ್ನುವುದು.

ಇವು ಯಾವ ವೆಬ್‌ಸೈಟಲ್ಲೂ ಸಿಗುವುದಿಲ್ಲ. ಎಐಗೂ ನಿಮ್ಮೂರಿನ ವೀರಗಲ್ಲು ಗೊತ್ತಿಲ್ಲ. ಮಗು ಕಟ್ಟಿ ಬರೆಯಬಹುದು ನಿಜ, ಆದರೆ ನೀವು ಅದೇ ಊರಿನವರೋ ಪಕ್ಕದ ಊರಿನವರೋ ಆಗಿದ್ದರೆ ಒಂದೇ ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ.

ಎರಡನೆಯದು, ಕೆಲಸವನ್ನು ತುಂಡು ಮಾಡಿ. ಮೊದಲ ವಾರ ಬರೀ ಪ್ರಶ್ನೆ ಮತ್ತು ಯಾರನ್ನು ಕೇಳುತ್ತೇನೆ ಅನ್ನುವುದು. ಎರಡನೇ ವಾರ ಟಿಪ್ಪಣಿ, ಗೀಚಿದ್ದಾದರೂ ಸರಿ. ಮೂರನೇ ವಾರ ಕ್ಲಾಸಿನಲ್ಲೇ ಕೂತು ಒಂದು ಪೀರಿಯಡ್ ಬರೆಯುವುದು. ಆಮೇಲೆ ಮನೆಯಲ್ಲಿ ನೀಟಾಗಿ ಬರೆದು ತರುವುದು. ಅಂಕ ಹಂಚುವಾಗ ಟಿಪ್ಪಣಿಗೂ ಕೊಡಿ, ಚಂದದ ರಟ್ಟಿಗೆ ಕೊಡಬೇಡಿ. ಹಿಂದಿನ ರಾತ್ರಿ ಹತ್ತು ಗಂಟೆಗೆ ನೆನಪಾಗಿ ಕಾಪಿ ಮಾಡುವ ಮಕ್ಕಳೇ ಜಾಸ್ತಿ, ಹಂತ ಹಂತವಾಗಿ ಕೇಳಿದರೆ ಅದು ತಾನಾಗಿ ಕಡಿಮೆಯಾಗುತ್ತದೆ.

ಅರವತ್ತು ಮಕ್ಕಳ ಕ್ಲಾಸಲ್ಲಿ ಇದೆಲ್ಲ ಆಗುತ್ತಾ ಅಂತ ಕೇಳುವವರಿಗೆ: ನಾಲ್ಕು ರೂಪಣಾತ್ಮಕದಲ್ಲೂ ಎಲ್ಲ ವಿಷಯಕ್ಕೂ ದೊಡ್ಡ ಪ್ರಾಜೆಕ್ಟ್ ಕೊಡುವುದನ್ನು ನಿಲ್ಲಿಸಿ. ವಿಷಯಕ್ಕೆ ವರ್ಷಕ್ಕೊಂದು ಸರಿಯಾದ ಪ್ರಾಜೆಕ್ಟ್ ಸಾಕು. ಒಂದೇ ವಾರದಲ್ಲಿ ಆರು ವಿಷಯದ ಪ್ರಾಜೆಕ್ಟ್ ಕೇಳಿದರೆ ಎಂಥ ಜಾಣ ಮಗುವೂ ಕಾಪಿ ಮಾಡಲೇಬೇಕಾಗುತ್ತದೆ. ಮುಖ್ಯ ಶಿಕ್ಷಕರು ಒಂದು ಕ್ಯಾಲೆಂಡರ್ ಮಾಡಿ ವಿಷಯಗಳನ್ನು ತಿಂಗಳಿಗೆ ಹಂಚಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

3. ಎಲ್ಲಿಂದ ತಂದೆ ಅಂತ ಹೇಳುವುದನ್ನು ಕಲಿಸಿ

ಬೇರೆಯವರ ಮಾತು ಬಳಸುವುದು ತಪ್ಪಲ್ಲ, ಯಾರದು ಅಂತ ಹೇಳದಿರುವುದು ತಪ್ಪು. ಇದನ್ನು ಹೇಳಿಕೊಡಲು ನಮ್ಮ ಪಠ್ಯದಲ್ಲೇ ಒಳ್ಳೆಯ ದಾರಿ ಇದೆ. ವಚನ ಪಾಠ ಮಾಡುವಾಗ ಅಂಕಿತ ತೋರಿಸುತ್ತೀರಿ: ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಕೀರ್ತನೆಯಲ್ಲಿ ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. ಒಂಬೈನೂರು ವರ್ಷದ ಹಿಂದಿನ ಮಾತು ಯಾರದು ಅಂತ ಇವತ್ತೂ ಗೊತ್ತಾಗುವುದು ಹೆಚ್ಚಾಗಿ ಆ ಅಂಕಿತದಿಂದ. ಬಸವಣ್ಣನ ವಚನ ಹಾಡಿ ಕೊನೆಯ ಸಾಲಿನಲ್ಲಿ ನಿನ್ನ ಹೆಸರು ಸೇರಿಸಿದರೆ ಹೇಗಿರುತ್ತೆ ಅಂತ ಮಕ್ಕಳನ್ನೇ ಕೇಳಿ. ಏಳನೇ ಕ್ಲಾಸಿನ ಮಗುವಿಗೂ ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಬೋರ್ಡಿನ ಮೇಲೆ ಬರೆದು ತೋರಿಸಿ. ಬರೀ ಮಾತಲ್ಲಿ ಹೇಳಿದರೆ ಆಗುವುದಿಲ್ಲ. ಉದಾಹರಣೆಗೆ ಒಂದು ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ:

"ರಾಗಿಯು ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿಯೂ ಬೆಳೆಯುವ ಧಾನ್ಯವಾಗಿದೆ. ಇದರಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದು, ಬಹುಕಾಲ ಕೆಡದಂತೆ ಸಂಗ್ರಹಿಸಿಡಬಹುದು."

ಒಬ್ಬ ಹುಡುಗ ಬರೆದದ್ದು: "ರಾಗಿಯು ಸ್ವಲ್ಪ ಮಳೆ ಬೀಳುವ ಜಾಗಗಳಲ್ಲಿಯೂ ಬೆಳೆಯುವ ಕಾಳಾಗಿದೆ. ಇದರಲ್ಲಿ ಕ್ಯಾಲ್ಸಿಯಂ ತುಂಬಾ ಇದ್ದು, ಬಹಳ ದಿನ ಕೆಡದಂತೆ ಶೇಖರಿಸಿಡಬಹುದು." ಇದು ಕಾಪಿ. ಪದ ಬದಲಾಗಿದೆ, ವಾಕ್ಯ ಅವನದಲ್ಲ. ಮೂಲದ ಹೆಸರೂ ಇಲ್ಲ.

ಇನ್ನೊಬ್ಬಳು ಬರೆದದ್ದು: "ರಾಗಿ ಬಹಳ ದಿನ ಕೆಡುವುದಿಲ್ಲ, ಕಡಿಮೆ ಮಳೆಯಲ್ಲೂ ಬರುತ್ತದೆ ಅಂತ ವಿಜ್ಞಾನ ಪುಸ್ತಕದಲ್ಲಿ ಓದಿದೆ. ನಮ್ಮ ಅಜ್ಜನನ್ನು ಕೇಳಿದೆ. ಹಿಂದೆ ನಮ್ಮ ಮನೆಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹಾಕುತ್ತಿದ್ದರಂತೆ, ಬರ ಬಂದಾಗ ತೆಗೆಯುತ್ತಿದ್ದರಂತೆ." ಇದರಲ್ಲಿ ಪುಸ್ತಕದಲ್ಲಿ ಓದಿದ್ದು ಯಾವುದು, ಅಜ್ಜನನ್ನು ಕೇಳಿ ತಿಳಿದದ್ದು ಯಾವುದು ಅಂತ ಬೇರೆಬೇರೆಯಾಗಿ ಕಾಣುತ್ತದೆ. ಭಾಷೆ ಅಷ್ಟು ಚಂದ ಇಲ್ಲದಿದ್ದರೂ ಇವಳಿಗೇ ಜಾಸ್ತಿ ಅಂಕ ಕೊಡಬೇಕು, ಯಾಕೆ ಕೊಟ್ಟೆ ಅಂತ ಕ್ಲಾಸಿನಲ್ಲಿ ಹೇಳಲೂಬೇಕು.

ಹೈಸ್ಕೂಲಿಗೆ ದೊಡ್ಡ ಪದ್ಧತಿ ಬೇಡ. ಪ್ರಾಜೆಕ್ಟಿನ ಕೊನೆಯಲ್ಲಿ "ನಾನು ಯಾರನ್ನು ಕೇಳಿದೆ, ಏನು ಓದಿದೆ" ಅಂತ ಒಂದು ಅರ್ಧ ಪುಟ ಸಾಕು. ಎಐ ಬಳಸಲು ನೀವು ಬಿಟ್ಟಿದ್ದರೆ ಅದನ್ನೂ ಅಲ್ಲೇ ಬರೆಯಲಿ: ಯಾವ ಪ್ರಶ್ನೆ ಕೇಳಿದೆ, ಏನು ಉತ್ತರ ಬಂತು, ಅದರಲ್ಲಿ ಯಾವುದನ್ನು ಇಟ್ಟುಕೊಂಡೆ. ಇದಕ್ಕೊಂದು ಒಳ್ಳೆಯ ಅಭ್ಯಾಸ ಇದೆ. ಯಾವುದಾದರೂ ವಿಷಯದ ಮೇಲೆ ಬಸವಣ್ಣನ ವಚನ ಕೊಡು ಅಂತ ಎಐಯನ್ನು ಕೇಳಿಸಿ, ಬಂದದ್ದನ್ನು ಲೈಬ್ರರಿಯ ವಚನ ಸಂಪುಟದಲ್ಲಿ ಹುಡುಕಿಸಿ. ಎಷ್ಟೋ ಸಲ ಅಂಥ ವಚನವೇ ಇರುವುದಿಲ್ಲ, ಕೊನೆಗೆ ಕೂಡಲಸಂಗಮದೇವ ಅಂತ ಸೇರಿಸಿ ಹೊಸದಾಗಿ ಕಟ್ಟಿರುತ್ತದೆ. ಒಮ್ಮೆ ಕಣ್ಣಾರೆ ಕಂಡ ಮಕ್ಕಳು ಆಮೇಲೆ ಅದನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ.

4. ಅನುಮಾನ ಬಂದರೆ ಸಾಕ್ಷಿ ಹುಡುಕಿ, ಯಂತ್ರಕ್ಕೆ ಬಿಡಬೇಡಿ

ಆ ಮಗುವಿನ ಹಳೆಯ ಬರವಣಿಗೆ ನಿಮ್ಮ ಹತ್ತಿರ ಇರಬೇಕು. ವರ್ಷದ ಮೊದಲ ವಾರ ಕ್ಲಾಸಿನಲ್ಲೇ ಒಂದು ಪುಟ ಬರೆಸಿ ಇಟ್ಟುಕೊಳ್ಳಿ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ದಿನವೂ "ಅದಕ್ಕಾಗಿ" ಬದಲು "ಅದುಕ್ಕೆ" ಅಂತ ಬರೆಯುವ ಮಗು ಒಮ್ಮೆಲೇ "ಮಹತ್ವದ ಪಾತ್ರವನ್ನು ವಹಿಸುತ್ತದೆ" ಅಂತ ಪುಟಪುಟಕ್ಕೆ ಬರೆದರೆ ನಿಮಗೇ ತಿಳಿಯುತ್ತದೆ. ಅನುಮಾನ ಬಂದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ, ಪಕ್ಕದ ಸೆಕ್ಷನ್ನಿನ ಪುಸ್ತಕಗಳನ್ನು ನೋಡಿ, ಮಾರುಕಟ್ಟೆಯಲ್ಲಿರುವ ಎರಡು ಮೂರು ಗೈಡ್ ಸ್ಟಾಫ್ ರೂಮಿನಲ್ಲಿ ಇಟ್ಟುಕೊಳ್ಳಿ. ಹತ್ತರಲ್ಲಿ ಎಂಟು ಅಲ್ಲೇ ಸಿಗುತ್ತವೆ.

ಇದು ಎಐ ಬರೆದದ್ದು ಅಂತ ಹೇಳುವ ಸಾಫ್ಟ್‌ವೇರ್‌ಗಳನ್ನು ಮಾತ್ರ ನಂಬಿ ಯಾವ ಮಗುವಿನ ಮೇಲೂ ಕೈ ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ಸಾಧನ ಬಿಟ್ಟು, ನಿಖರತೆ ಕಡಿಮೆ ಅಂತ ಅದೇ ವರ್ಷ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಭಾಷಾ ಪರೀಕ್ಷೆಗೆ ತಾವೇ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಆ ಸಾಧನಗಳು ಯಂತ್ರ ಬರೆದದ್ದು ಅಂತ ಹೇಳಿದವು. ನಮ್ಮ ಮಕ್ಕಳು ಇಂಗ್ಲಿಷನ್ನು ಕಲಿತು, ಗೊತ್ತಿರುವ ಕೆಲವೇ ಪದಗಳಲ್ಲಿ ಸರಳವಾಗಿ ಬರೆಯುವವರು. ಅಂಥವರೇ ಇದರಲ್ಲಿ ಸಿಕ್ಕಿಬೀಳುವುದು. ಕಷ್ಟಪಟ್ಟು ತಾನೇ ಬರೆದ ಮಗುವನ್ನು "ನೀನು ಬರೆದದ್ದಲ್ಲ" ಅಂದರೆ ಅದು ಮತ್ತೆ ಪೆನ್ನು ಹಿಡಿಯುವ ಮನಸ್ಸು ಮಾಡುತ್ತದಾ?

ಕನ್ನಡದಲ್ಲಿ ಇನ್ನೊಂದು ತೊಡಕು. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಕೂತಿರುತ್ತದೆ. ಯುನಿಕೋಡ್‌ನಲ್ಲಿರುವ (ಅಕ್ಷರಗಳಿಗೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಬಳಸುವ ಪದ್ಧತಿ) ವೆಬ್ ಪುಟದ ಜೊತೆ ಅದು ಹೊಂದಿಕೆಯಾಗುವುದಿಲ್ಲ. ಹಾಗಾಗಿ ಪೂರ್ತಿ ಕದ್ದ ಬರಹಕ್ಕೂ, ಹೋಲಿಕೆ ಹುಡುಕುವ ಸಾಫ್ಟ್‌ವೇರ್‌ನಿಂದ ಸೊನ್ನೆ ಶೇಕಡಾ ಅಂತ ವರದಿ ಬರಬಹುದು. ಕಾಲೇಜಿನವರು ಕನ್ನಡ ಬರಹಗಳನ್ನು ಯುನಿಕೋಡ್‌ನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು.

5. ಮಗುವಿನ ಜೊತೆ ಕೂತು ಮಾತಾಡಿ

ಒಂಟಿಯಾಗಿ, ಆದರೆ ಬಾಗಿಲು ತೆರೆದಿರುವ ಕೋಣೆಯಲ್ಲಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬೇಡ. "ಕಾಪಿ ಮಾಡಿದ್ದೀಯಾ?" ಅಂತ ಶುರು ಮಾಡಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ, ಆಮೇಲೆ ಆ "ಇಲ್ಲ"ವನ್ನು ಉಳಿಸಿಕೊಳ್ಳಲು ಮಗು ಇನ್ನಷ್ಟು ಸುಳ್ಳು ಹೇಳಬೇಕಾಗುತ್ತದೆ. ಮಾತು ಹೀಗೆ ನಡೆಯಬಹುದು:

"ಬಾ ಪುಟ್ಟಿ, ಕೂತ್ಕೋ. ನಿನ್ನ ಪ್ರಾಜೆಕ್ಟ್ ಓದಿದೆ. ಹೇಗೆ ಬರೆದೆ ಅಂತ ಸ್ವಲ್ಪ ಹೇಳ್ತೀಯಾ?"

"ಮನೇಲಿ ಬರೆದೆ ಮಿಸ್."

"ಸರಿ. ಇಲ್ಲಿ ಅಂತರ್ಜಲ ಮರುಪೂರಣ ಅಂತ ಬರೆದಿದ್ದೀಯಲ್ಲ, ಹಾಗಂದ್ರೆ ಏನು?"

"..."

"ಗೊತ್ತಿಲ್ದಿದ್ರೆ ಪರವಾಗಿಲ್ಲ. ಈ ಮಾತು ಎಲ್ಲಿ ಸಿಕ್ತು?"

"ಅಕ್ಕನ ಮೊಬೈಲಲ್ಲಿ ಮಿಸ್. ಅವಳು ಓದಿದ್ಲು, ನಾನು ಬರ್ಕೊಂಡೆ. ಶನಿವಾರ ಭಾನುವಾರ ಎರಡೂ ದಿನ ಕಡ್ಲೆಕಾಯಿ ಕೀಳೋಕೆ ಹೋಗಿದ್ವಿ, ಟೈಮ್ ಇರ್ಲಿಲ್ಲ."

ಈಗ ನಿಮ್ಮ ಕೈಯಲ್ಲಿ ನಿಜವಾದ ಮಾಹಿತಿ ಇದೆ. ಈ ಮಗು ಸೋಮಾರಿ ಅಲ್ಲ. ಅವಳಿಗೆ ಬೇಕಿರುವುದು ಎರಡು ದಿನದ ಸಮಯ ಮತ್ತು ಆ ಪದದ ಅರ್ಥ: ನೀರು ನೆಲದೊಳಗೆ ಇಂಗಿ ಅಂತರ್ಜಲ ಮತ್ತೆ ತುಂಬಿಕೊಳ್ಳುವುದು. ಅವಳನ್ನು ಕಡ್ಲೆಕಾಯಿ ಹೊಲದ ಬಗ್ಗೆಯೇ ಬರೆಯಲು ಹೇಳಿದರೆ ಮಣ್ಣು, ತೇವ, ಮಳೆ ಎಲ್ಲ ಅದರಲ್ಲೇ ಬರುತ್ತದೆ. ಇನ್ನೊಬ್ಬ ಹುಡುಗ ಇದೇ ಪ್ರಶ್ನೆಗೆ ಪಟಪಟ ಅಂತ ಸರಿಯಾಗಿ ವಿವರಿಸಿಬಿಟ್ಟರೆ ನಿಮ್ಮ ಅನುಮಾನವೇ ತಪ್ಪು ಅಂತ ಆಯಿತು, ಬೆನ್ನು ತಟ್ಟಿ ಕಳಿಸಿ. ಮತ್ತೊಬ್ಬ ದುಡ್ಡು ಕೊಟ್ಟು ಬರೆಸಿರಬಹುದು, ಅದು ಬೇರೆಯೇ ಮಾತು. ಕೇಳದೆ ಇವು ಯಾವುದೂ ಗೊತ್ತಾಗುವುದಿಲ್ಲ.

ಮಗು ಒಪ್ಪಿಕೊಂಡರೆ "ಹೇಳಿದ್ದು ಒಳ್ಳೆಯದಾಯ್ತು" ಅನ್ನಿ, ಮತ್ತು ಆ ಮಾತಿನ ಹಾಗೇ ನಡೆದುಕೊಳ್ಳಿ. ಒಪ್ಪಿಕೊಂಡವರಿಗೂ ಸುಳ್ಳು ಹೇಳಿದವರಿಗೂ ಒಂದೇ ಶಿಕ್ಷೆ ಆದರೆ ಮುಂದಿನ ಸಲ ಯಾರೂ ಒಪ್ಪಿಕೊಳ್ಳುವುದಿಲ್ಲ.

6. ಕ್ರಮ: ಮೊದಲ ಸಲ, ಎರಡನೇ ಸಲ, ಆಮೇಲೆ

ಮೊದಲ ಸಲ ಸಿಕ್ಕರೆ ಮತ್ತೆ ಬರೆಸಿ. ಒಂದು ವಾರದೊಳಗೆ, ಸ್ವಲ್ಪ ಭಾಗ ಶಾಲೆಯಲ್ಲೇ ಕೂತು, ಬೇಕಾದರೆ ವಿಷಯ ಚಿಕ್ಕದು ಮಾಡಿ. ಅದೇ ಪ್ರಾಜೆಕ್ಟನ್ನು ಹತ್ತು ಸಲ ಬರಿ ಅನ್ನುವ ಶಿಕ್ಷೆ ಬೇಡವೇ ಬೇಡ, ಕಾಪಿ ಮಾಡಿದ್ದಕ್ಕೆ ಶಿಕ್ಷೆಯಾಗಿ ಮತ್ತೆ ಕಾಪಿ ಮಾಡಿಸಿದ ಹಾಗಾಗುತ್ತದೆ. ಹೊಸದಾಗಿ ಬರೆದದ್ದಕ್ಕೆ ಅಂಕ ಕೊಡಿ, ತಡವಾದದ್ದಕ್ಕೆ ಒಂದೆರಡು ಅಂಕ ಕಳೆದರೆ ಸಾಕು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 20 ಆಂತರಿಕ ಅಂಕ ಇರುತ್ತದೆ. ಒಂದು ಪ್ರಾಜೆಕ್ಟಿನ ಸಿಟ್ಟಿಗೆ ಅದನ್ನೆಲ್ಲ ಸೊನ್ನೆ ಮಾಡಿದರೆ ಪಾಸಿನ ಅಂಚಿನಲ್ಲಿರುವ ಮಗು ಶಾಲೆಯನ್ನೇ ಬಿಡಬಹುದು. ಹಾಗಂತ ಏನೂ ಮಾಡದ ಮಗುವಿಗೆ ಸುಮ್ನೆ 19 ಹಾಕುವುದೂ ಸರಿಯಲ್ಲ. ಕಷ್ಟಪಟ್ಟು ಬರೆದು 15 ತೆಗೆದುಕೊಂಡ ಪಕ್ಕದ ಬೆಂಚಿನ ಹುಡುಗನಿಗೆ ಅದು ಮೋಸ.

ಎರಡನೇ ಸಲ ಆದರೆ ಮನೆಯವರನ್ನು ಕರೆಸಿ, ಮಗುವನ್ನೂ ಕೂರಿಸಿಕೊಂಡು ಮಾತಾಡಿ. ಮತ್ತೆ ಬರೆಸಿ, ಈ ಸಲ ಪೂರ್ತಿ ಶಾಲೆಯಲ್ಲೇ, ಮತ್ತು ಅರ್ಧ ಅಂಕಕ್ಕೆ. ಮೂರನೇ ಸಲವೂ ಆದರೆ, ಅಥವಾ ದುಡ್ಡು ಕೊಟ್ಟು ಬರೆಸಿದ್ದರೆ, ಬೇರೆ ಮಗುವಿನ ಪುಸ್ತಕ ಕದ್ದಿದ್ದರೆ, ಮುಖ್ಯ ಶಿಕ್ಷಕರು ಮತ್ತು ಆ ಮಗುವಿಗೆ ಪಾಠ ಮಾಡದ ಇಬ್ಬರು ಶಿಕ್ಷಕರು ಕೂತು ತೀರ್ಮಾನ ಮಾಡಲಿ. ಸಿಟ್ಟು ಬಂದಿರುವ ಟೀಚರ್ ಒಬ್ಬರೇ ತೀರ್ಮಾನ ಮಾಡಬಾರದು.

ಪುಸ್ತಕ ಕೊಟ್ಟವರ ವಿಷಯ ಕಷ್ಟದ್ದು. ಗೆಳೆಯ ಕೇಳಿದಾಗ ಇಲ್ಲ ಅನ್ನುವುದು ಆ ವಯಸ್ಸಿನಲ್ಲಿ ಸುಲಭವಲ್ಲ, ಎಷ್ಟೋ ಸಲ ದೊಡ್ಡ ಹುಡುಗರು ಹೆದರಿಸಿಯೇ ತೆಗೆದುಕೊಂಡಿರುತ್ತಾರೆ. ಮೊದಲು ಹೇಗೆ ಕೊಟ್ಟೆ ಅಂತ ಕೇಳಿ. ಅವರ ಅಂಕ ಕಳೆಯಬೇಡಿ, ಎಚ್ಚರಿಕೆ ಹೇಳಿ ಬಿಡಿ.

ಏನೇ ಆದರೂ ಪ್ರಾರ್ಥನೆಯ ಸಾಲಿನಲ್ಲಿ ಹೆಸರು ಕೂಗಬೇಡಿ, ಪುಸ್ತಕ ಹರಿಯಬೇಡಿ, ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೋ ಹಾಕಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಆದರೆ ಹದಿನಾಲ್ಕು ದಾಟಿದ ಮರುದಿನ ಅವಮಾನ ಮಾಡಬಹುದು ಅಂತ ಯಾರೂ ಅಂದುಕೊಳ್ಳಬಾರದು. ಆ ವಯಸ್ಸಿನಲ್ಲಿ ಎಲ್ಲರ ಎದುರು ಆದ ಅವಮಾನ ತಾಳದೆ ಮಕ್ಕಳು ಏನೇನೋ ಮಾಡಿಕೊಳ್ಳುತ್ತಾರೆ, ಅದನ್ನು ನಾವೆಲ್ಲ ಪೇಪರಿನಲ್ಲಿ ಓದಿದವರೇ.

7. ಮನೆಯವರ ಜೊತೆ

"ನಮ್ಮ ಹುಡುಗ ಅಂಥವನಲ್ಲ ಸರ್" ಅನ್ನುವವರು ಬರುತ್ತಾರೆ, "ನಾಲ್ಕು ಬಾರಿಸಿ ಸರ್" ಅನ್ನುವವರೂ ಬರುತ್ತಾರೆ. ಇಬ್ಬರಿಗೂ ಮಗುವಿನ ಹಳೆಯ ಪುಟ, ಹೊಸ ಪುಟ ಪಕ್ಕಪಕ್ಕ ಇಟ್ಟು ತೋರಿಸಿ. ಓದಲು ಬಾರದ ತಾಯಿಯಾಗಿದ್ದರೆ ನೀವೇ ಓದಿ ಹೇಳಿ. ಮನೆಯಲ್ಲಿ ಕೇಳಬೇಕಾದ್ದು "ಪ್ರಾಜೆಕ್ಟ್ ಮುಗೀತಾ?" ಅಂತ ಅಲ್ಲ, "ಏನು ಬರೆದೆ, ನಂಗೂ ಹೇಳು" ಅಂತ. ಅಕ್ಷರ ಬಾರದವರೂ ಇದನ್ನು ಕೇಳಬಹುದು.

ತಾವೇ ಕೂತು ಮಗುವಿನ ಪ್ರಾಜೆಕ್ಟ್ ಬರೆಯುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಥರ್ಮಾಕೋಲ್ ಮಾದರಿ ಎಷ್ಟು ಚಂದ ಇದ್ದರೂ ಅದನ್ನು ವಿವರಿಸಿ ಹೇಳು ಅಂದಾಗ ನಿಮ್ಮ ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ಕತ್ತರಿ ಹಿಡಿಯಲು ಸಹಾಯ ಮಾಡಿ, ಬರೆಯಲು ಬೇಡ.

8. ಡಿಗ್ರಿ, ಎಂಜಿನಿಯರಿಂಗ್, ಪಿಎಚ್‌ಡಿ

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮ ತಂದಿದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೊದಲು ವಿಭಾಗದ ಸಮಿತಿ, ಆಮೇಲೆ ಸಂಸ್ಥೆಯ ಸಮಿತಿ ವಿಚಾರಣೆ ಮಾಡಬೇಕು, ವಿದ್ಯಾರ್ಥಿಯ ಮಾತು ಕೇಳಲೇಬೇಕು. ಮೂಲ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ, ಕಾನೂನು, ಸಮೀಕರಣ, ಹದಿನಾಲ್ಕು ಪದದವರೆಗಿನ ಸಾಮಾನ್ಯ ಹೊಂದಿಕೆ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು. ಇದನ್ನು ಮರೆತೇ ಎಷ್ಟೋ ಕಡೆ ಬರೀ ಶೇಕಡಾ ನೋಡಿ ಗಾಬರಿ ಮಾಡುತ್ತಾರೆ. ವಚನಗಳ ಮೇಲೆ ಪ್ರಬಂಧ ಬರೆದವರ ವರದಿಯಲ್ಲಿ ವಚನಗಳೇ ಕೆಂಪಾಗಿ ಬಂದಿರಬಹುದು, ವರದಿ ತೆರೆದು ಸಾಲು ಸಾಲು ನೋಡಿ.

ತುಂಬಾ ಜನಕ್ಕೆ ಗೊತ್ತಿಲ್ಲದ್ದು ಇದು: ಆ ನಿಯಮಗಳು ಸ್ನಾತಕೋತ್ತರ, ಸಂಶೋಧನಾ ಮಟ್ಟದ ಪ್ರಬಂಧಗಳಿಗೆ ಮತ್ತು ಪ್ರಕಟಣೆಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದರೆ ಬಿಎ, ಬಿಕಾಂ, ಬಿಇ ಹುಡುಗರ ಅಸೈನ್‌ಮೆಂಟಿಗೆ "ಯುಜಿಸಿ ರೂಲ್ಸ್ ಪ್ರಕಾರ" ಅಂತ ಹೆದರಿಸುವುದು ಸರಿಯಲ್ಲ. ಕಾಲೇಜು ತನ್ನದೇ ನಿಯಮ ಬರೆದು, ಸೆಮಿಸ್ಟರ್ ಶುರುವಿನಲ್ಲೇ ಕೊಡಬೇಕು.

ಫೈನಲ್ ಇಯರ್ ಪ್ರಾಜೆಕ್ಟ್ ರೆಡಿಮೇಡ್ ಸಿಗುತ್ತದೆ ಅನ್ನುವ ಬೋರ್ಡುಗಳನ್ನು ಬೆಂಗಳೂರಿನಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ಅದಕ್ಕೆ ಮದ್ದು ಸಾಫ್ಟ್‌ವೇರ್ ಅಲ್ಲ, ವೈವಾ, ಅಂದರೆ ಎದುರಿಗೆ ಕೂರಿಸಿ ಕೇಳುವ ಮೌಖಿಕ ಪರೀಕ್ಷೆ. ವಿದ್ಯಾರ್ಥಿಯ ಎದುರಿಗೇ ಕೋಡ್ ತೆರೆದು "ಈ ಒಂದು ಸಂಖ್ಯೆ ಬದಲಿಸಿದರೆ ಏನಾಗುತ್ತೆ, ಈಗಲೇ ಬದಲಿಸಿ ತೋರಿಸು" ಅನ್ನಿ. ತಾನೇ ಮಾಡಿದವನು ಒಂದು ಕ್ಷಣ ಯೋಚಿಸಿ ಕೈ ಹಾಕುತ್ತಾನೆ. ಕೊಂಡು ತಂದವನಿಗೆ ಯಾವ ಫೈಲು ತೆರೆಯಬೇಕು ಅಂತಲೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಇಂಥ ಹತ್ತು ನಿಮಿಷ ಇಟ್ಟುಕೊಂಡರೆ ಕೊಂಡು ತರುವವರೂ ಕಡಿಮೆಯಾಗುತ್ತಾರೆ.

9. ನಾವೂ ಮೂಲ ಹೇಳೋಣ

ಮಕ್ಕಳು ನೋಡುತ್ತಿರುತ್ತಾರೆ. ನೋಟ್ಸ್ ಬರೆಸುವಾಗ "ಇದು ಪಠ್ಯಪುಸ್ತಕದ ಇಂಥ ಪಾಠದ್ದು" ಅನ್ನಿ. ಸ್ಲೈಡ್‌ನಲ್ಲಿ ಚಿತ್ರ ಹಾಕಿದರೆ ಎಲ್ಲಿಯದು ಅಂತ ಕೆಳಗೆ ಬರೆಯಿರಿ. ಶಾಲಾ ವಾರ್ಷಿಕ ಸಂಚಿಕೆಗೆ ಮಕ್ಕಳ ಹೆಸರಲ್ಲಿ ಬೇರೆಯವರ ಕವಿತೆ ಹಾಕಿ ಪುಟ ತುಂಬಿಸುವುದು ನಿಲ್ಲಲಿ. ಹೋದ ವರ್ಷದ ಪಾಠಯೋಜನೆಯನ್ನೇ ದಿನಾಂಕ ಬದಲಿಸಿ ಬರೆಯಬೇಕಾದಷ್ಟು ದಾಖಲೆ ಕೆಲಸ ಶಿಕ್ಷಕರ ಮೇಲಿದೆ ಅನ್ನುವುದೂ ನಿಜ. ಮೇಲಿನವರು ಅದನ್ನು ಕಡಿಮೆ ಮಾಡಿದರೆ ಮಕ್ಕಳ ಪುಸ್ತಕ ಓದಲು ಹೊತ್ತು ಸಿಗುತ್ತದೆ.

10. ಬರೆದಿಡುವುದು, ಅಳಿಸುವುದು

ಮುಖ್ಯ ಶಿಕ್ಷಕರ ಹತ್ತಿರ ಒಂದು ಸಣ್ಣ ಪುಸ್ತಕ ಇರಲಿ. ದಿನಾಂಕ, ವಿಷಯ, ಏನು ಸಿಕ್ಕಿತು, ಮಗು ಏನು ಹೇಳಿತು, ಏನು ತೀರ್ಮಾನ ಆಯಿತು. ಇಷ್ಟೇ. ಇದಿಲ್ಲದಿದ್ದರೆ ಮೊದಲ ಸಲವೋ ಮೂರನೇ ಸಲವೋ ಗೊತ್ತಾಗುವುದಿಲ್ಲ, ಟ್ರಸ್ಟಿಯ ಮಗನಿಗೆ ಒಂದು, ಕೂಲಿಯವರ ಮಗಳಿಗೆ ಇನ್ನೊಂದು ಆಗಿಬಿಡುತ್ತದೆ. ಕೆಳಗೆ ಮಗುವಿನ ಸಹಿ, ಒಪ್ಪದಿದ್ದರೆ "ಒಪ್ಪಿಲ್ಲ" ಅಂತ ಬರೆಯಲು ಜಾಗ ಇರಲಿ. ಒಪ್ಪದವರು ಒಂದು ವಾರದೊಳಗೆ ಬಂದು ಕೇಳಿದರೆ ಬೇರೆ ಇಬ್ಬರು ಶಿಕ್ಷಕರು ಮತ್ತೆ ನೋಡಲಿ.

ಆ ಪುಸ್ತಕ ಸ್ಟಾಫ್ ರೂಮಿನ ಟೇಬಲ್ ಮೇಲೆ ಬಿದ್ದಿರಬಾರದು. ಹೊಸ ತರಗತಿಗೆ ಹೋಗುವಾಗ ಹಳೆಯದು ಜೊತೆಗೆ ಹೋಗಬಾರದು, ಏಪ್ರಿಲ್‌ಗೆ ಆ ಪುಟಗಳನ್ನು ತೆಗೆದುಹಾಕಿ. ಟಿಸಿಯಲ್ಲಿ ನಡತೆ ಅಂತ ಒಂದು ಕಾಲಂ ಇದೆಯಲ್ಲ, ಎಂಟನೇ ಕ್ಲಾಸಿನಲ್ಲಿ ಗೈಡ್ ನೋಡಿ ಬರೆದ ಪ್ರಬಂಧದ ನೆರಳು ಅಲ್ಲಿ ಬೀಳಬಾರದು. ಅಲ್ಲಿ "ಉತ್ತಮ" ಅಂತಲೇ ಬರೆದು ಕಳಿಸಿ.